ತೊಟ್ಟು ಹಸಿರಾಗಿರಬೇಕು

ದ್ರಾಕ್ಷಿ ಕೊಳ್ಳುವಾಗ ನನ್ನ ಕಣ್ಣು ಮೊದಲು ಹೋಗುವುದು ತೊಟ್ಟಿನ ಕಡೆಗೆ. ಮಾವು, ಬಾಳೆಯ ಹಾಗೆ ಕಿತ್ತ ಮೇಲೆ ಹಣ್ಣಾಗುವ ಜಾತಿಯಲ್ಲ ಇದು. ಕೊಯ್ದ ದಿನ ಎಷ್ಟು ಸಿಹಿಯೋ ಅಷ್ಟೇ; ಆಮೇಲೆ ಬಾಡುವುದೊಂದೇ ಬಾಕಿ. ಚಿಲಿಯಿಂದಲೋ ಪೆರುವಿನಿಂದಲೋ ವಾರಗಟ್ಟಲೆ ಹಡಗಿನಲ್ಲಿ ಬಂದ ಗೊಂಚಲಿನ ತೊಟ್ಟು ಇನ್ನೂ ಹಸಿರಾಗಿ, ಬಾಗಿಸಿದರೆ ಬಳುಕುವಂತಿದ್ದರೆ, ದಾರಿಯುದ್ದಕ್ಕೂ ಅದನ್ನು ಜೋಪಾನ ಮಾಡಿದ್ದಾರೆಂದೇ ಅರ್ಥ. ಕೊಯ್ದ ಕೂಡಲೇ ತಣ್ಣನೆಯ ಗಾಳಿ ಹಾಯಿಸಿ ತೋಟದ ಬಿಸಿ ತೆಗೆಯುತ್ತಾರೆ. ಡಬ್ಬಿಯಲ್ಲಿ ಅಷ್ಟೊಂದು ತೂತುಗಳಿರುವುದು ಅದಕ್ಕೇ. ಆಮೇಲೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಪಯಣ. ಪೆಟ್ಟಿಗೆಯೊಳಗಿನ ಒಂದು ಹಾಳೆ ಸಲ್ಫರ್ ಡೈಆಕ್ಸೈಡನ್ನು ಸ್ವಲ್ಪಸ್ವಲ್ಪವೇ ಬಿಡುತ್ತಾ ಬೂಷ್ಟು ಹಿಡಿಯದಂತೆ ಕಾಯುತ್ತದೆ.

ವಿಜಯಪುರದ ಹಸಿರು ದ್ರಾಕ್ಷಿಯ ಕಾಲ ಜನವರಿಯಿಂದ ಏಪ್ರಿಲ್‌ವರೆಗೆ. ಆಗ ನಾನು ಬೇರೆಯದರ ಕಡೆ ತಿರುಗಿಯೂ ನೋಡುವುದಿಲ್ಲ. ಆ ಕಾಲ ಮುಗಿದು, ದಸರೆ ದೀಪಾವಳಿಯ ಹೊತ್ತಿಗೆ ನಮ್ಮ ಬಡಾವಣೆಯ ಸೂಪರ್‌ಮಾರ್ಕೆಟ್ಟಿನಲ್ಲಿ ಕ್ಯಾಲಿಫೋರ್ನಿಯಾದ ಕ್ರಿಮ್ಸನ್ ಸೀಡ್‌ಲೆಸ್ ಬಂದು ಕೂರುತ್ತದೆ. ಫ್ರೆಸ್ನೋದ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿ 1989ರಲ್ಲಿ ಬೆಳೆಗಾರರ ಕೈಸೇರಿದ ತಳಿ. ನನ್ನ ನಾಲಿಗೆಗೆ ದ್ರಾಕ್ಷಿಯ ಹೊಸದೊಂದು ಲೋಕ ತೆರೆದದ್ದೇ ಇದು.

ಹಣ್ಣು ಉದ್ದುದ್ದ, ಕೆಂಪು. ಮೇಲೆ ತೆಳುವಾದ ಬೂದಿ. ಹೆಬ್ಬೆರಳಿನಿಂದ ಒರೆಸಿದರೆ ಅಡಿಯಲ್ಲಿ ಹೊಳಪು. ಆ ಬೂದಿಯನ್ನು ಔಷಧಿಯೆಂದು ಹೆದರುವವರಿದ್ದಾರೆ. ಅದು ಹಣ್ಣೇ ಮೈಗೆ ಹೊದ್ದ ಮೇಣ, ಒಳಗಿನ ನೀರು ಆರದಂತೆ ಕಾಯುವಂಥದ್ದು. ಅದಕ್ಕೇ ತಿನ್ನುವ ಹೊತ್ತಿಗಷ್ಟೇ ತೊಳೆಯುತ್ತೇನೆ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಹಣ್ಣಿಗೆ ಹಲ್ಲು ತಾಕಿದರೆ ಕಟಕ್ಕೆನ್ನುತ್ತದೆ. ರಸ ಚಿಮ್ಮುವುದಿಲ್ಲ, ತಿರುಳು ಸೇಬಿನ ಹೋಳಿನಂತೆ ಗಟ್ಟಿ. ಅಗಿದಂತೆಲ್ಲ ಸಿಹಿ ಬಿಡುತ್ತಾ ಹೋಗಿ, ಕೊನೆಯಲ್ಲಿ ಸಿಪ್ಪೆಯ ಹತ್ತಿರ ಒಂದೆಳೆ ಹುಳಿ ಉಳಿಯುತ್ತದೆ. ಇನ್ನೊಂದಕ್ಕೆ ಕೈ ಹೋಗುವುದು ಆ ಹುಳಿಗಾಗಿಯೇ.

ಅಮ್ಮ ಚಿಕ್ಕಬಳ್ಳಾಪುರದ ಕಡೆಯವರು. ಅವರಿಗೆ ದ್ರಾಕ್ಷಿಯೆಂದರೆ ಬೆಂಗಳೂರು ನೀಲಿ: ತುಟಿಯ ನಡುವೆ ಹಿಂಡಿದರೆ ತಿರುಳು ಜಾರಿ ಬಾಯಿಗೆ, ಸಿಪ್ಪೆ ಕೈಗೆ. ಕ್ರಿಮ್ಸನ್ನನ್ನೂ ಹಾಗೇ ಹಿಂಡಲು ನೋಡಿ, "ಏನೋ ಇದು, ಸಿಪ್ಪೇನೇ ಬಿಡ್ತಿಲ್ವಲ್ಲೋ" ಎಂದರು. ಬಿಡುವುದಿಲ್ಲ. ಸಿಪ್ಪೆ ಹಾಗೆ ಜಾರುವುದು, ಆ ಗಾಢ ಪರಿಮಳ, ಎರಡೂ ನೀಲಿಗೆ ಅಮೆರಿಕದ ಕಾಡುದ್ರಾಕ್ಷಿಯ ವಂಶದಿಂದ ಬಂದ ಗುಣಗಳು. ಪರಿಮಳದಲ್ಲಿ ಅಮ್ಮನ ಹಣ್ಣನ್ನು ಮೀರಿಸುವುದು ಯಾವ ಡಬ್ಬಿಯಲ್ಲೂ ನನಗೆ ಸಿಕ್ಕಿಲ್ಲ.

ಕಾಟನ್ ಕ್ಯಾಂಡಿಯನ್ನೂ ತಿಂದು ನೋಡಿದೆ. ಡೇವಿಡ್ ಕೇನ್ ಎಂಬ ತಳಿವಿಜ್ಞಾನಿಯ ತಂಡದ ಸೃಷ್ಟಿ. 2011ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಕಣ್ಣು ಮುಚ್ಚಿ ತಿಂದರೆ ಜಾತ್ರೆಯ ಬಾಂಬೆ ಮಿಠಾಯಿಯೇ! ಇಂಥ ತಳಿ ಹುಟ್ಟಿಸುವ ಕೆಲಸದ ತಾಳ್ಮೆ ದೊಡ್ಡದು. ಸೀಡ್‌ಲೆಸ್ ಹಣ್ಣಿನಲ್ಲೂ ಬೀಜ ಮೊಳೆಯುವ ಆಸೆಯಿಂದಲೇ ಶುರುವಾಗುತ್ತದೆ, ಎಳಸಿನಲ್ಲೇ ನಿಂತುಬಿಡುತ್ತದೆ. ತಾಯಿ ತಂದೆ ಎರಡೂ ಸೀಡ್‌ಲೆಸ್ ತಳಿಗಳಾದರೆ, ಆ ಎಳೆಭ್ರೂಣ ಸಾಯುವ ಮೊದಲೇ ಅದನ್ನು ಬಿಡಿಸಿ, ಪ್ರಯೋಗಾಲಯದ ಗಾಜಿನ ನಳಿಗೆಯಲ್ಲಿ ಸಾಕಿ ಗಿಡ ಮಾಡುತ್ತಾರೆ. ಅಷ್ಟೆಲ್ಲ ಮೆಚ್ಚಿದರೂ, ಹುಳಿಯಿಲ್ಲದ ಆ ಸಿಹಿ ನನಗೆ ಬೇಗ ಸಾಕೆನಿಸುತ್ತದೆ. ರೆಡ್ ಗ್ಲೋಬ್ ಎಂಬ ಇನ್ನೊಂದು ತಳಿ ಕಣ್ಣಿಗೆ ಹಬ್ಬ, ನಾಲಿಗೆಗೆ ಅಷ್ಟಕ್ಕಷ್ಟೆ.

ಬೆಲೆ ಹೆಚ್ಚು, ನಿಜ. ಒಂದು ಡಬ್ಬಿ ತಂದರೆ ನಿಧಾನವಾಗಿ ತಿನ್ನುತ್ತೇನೆ: ತಟ್ಟೆಯಲ್ಲಿ ಒಂದು ಕಡೆ ಕ್ರಿಮ್ಸನ್, ಇನ್ನೊಂದು ಕಡೆ ಅಮ್ಮನ ನೀಲಿ, ಒಂದಾದ ಮೇಲೆ ಒಂದು. ಕ್ಯಾಲಿಫೋರ್ನಿಯಾದ ಹಣ್ಣು ಮುಗಿಯುತ್ತಾ ಬಂತು. ಇನ್ನು ಪೆರುವಿನ ಸರದಿ. ಅಲ್ಲಿಯ ಸ್ವೀಟ್ ಗ್ಲೋಬ್ ಎಂಬ ದಪ್ಪ ಹಸಿರು ದ್ರಾಕ್ಷಿಯನ್ನು ನಾನಿನ್ನೂ ತಿಂದಿಲ್ಲ. ಬಂದ ಕೂಡಲೇ ಎತ್ತಿಡಿ ಎಂದು ಅಂಗಡಿಯ ಹುಡುಗನಿಗೆ ಹೇಳಿದ್ದೇನೆ.