ಗುಂಡಿನ ಅಚ್ಚಿಗೊಂದು ಹೊಸ ಕೆಲಸ

ಗುಂಡಿನ ಅಚ್ಚು ನೋಡುವುದಕ್ಕೆ ಅಡಕತ್ತರಿಯ ಹಾಗೆ. ಎರಡು ಹಿಡಿ, ನಡುವೆ ಒಂದು ಮೊಳೆ, ತುದಿಯಲ್ಲಿ ಎರಡು ಕಬ್ಬಿಣದ ದವಡೆ. ಒಂದೊಂದರಲ್ಲೂ ಅರ್ಧ ಗೋಳದ ಗುಳಿ. ಹಿಡಿ ಒತ್ತಿದರೆ ಅರ್ಧಗಳೆರಡೂ ಕೂಡಿ ಪೂರ್ತಿ ಗೋಳ. ಮೇಲಿನ ಸಣ್ಣ ಕಂಡಿಯಿಂದ ಕರಗಿದ ಸೀಸ ಸುರಿದರೆ ಗುಂಡು ಸಿದ್ಧ. ಗುಜರಿಯ ರಾಶಿಯಲ್ಲಿ ಇಂಥದ್ದು ಕಂಡರೆ ಬಿಟ್ಟುಬರಲು ನನಗೆ ಮನಸ್ಸಾಗುವುದಿಲ್ಲ. ಯಾರೋ ಕಮ್ಮಾರ ಎರಡು ಗುಳಿಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಕೊರೆದಿದ್ದಾನೆ. ಅಂಥ ಕೈಕೆಲಸ ಕೆಜಿ ಲೆಕ್ಕದಲ್ಲಿ ಕರಗಿಹೋಗಬಾರದು.

ಸೀಸ ಸುಮಾರು 327 ಡಿಗ್ರಿ ಸೆಲ್ಸಿಯಸ್ ಕಾವಿಗೇ ಕರಗುವುದರಿಂದ ಸೌದೆ ಒಲೆಯೇ ಸಾಕು. ಆದರೆ ಅಚ್ಚು ತಣ್ಣಗಿದ್ದರೆ ಗುಂಡಿನ ಮೈ ಸುಕ್ಕಾಗುತ್ತದೆ. ಒಂದೆರಡು ಎರಕ ಹೊಯ್ದು ಅಚ್ಚು ಕಾದ ಮೇಲೆಯೇ ನುಣುಪು ಬರುವುದು. ಗುಳಿಗೆ ದೀಪದ ಹೊಗೆಯ ಮಸಿ ಹಿಡಿಸಿದರೆ ಸೀಸ ಚೆನ್ನಾಗಿ ತುಂಬಿ, ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ನಾವು ‘ಹನ್ನೆರಡು ಬೋರ್’ ಎನ್ನುವ ಕೋವಿಯ ಲೆಕ್ಕ ಹುಟ್ಟಿದ್ದೂ ಇಂಥ ಗುಂಡುಗಳಿಂದಲೇ: ಒಂದು ಪೌಂಡ್ ಸೀಸಕ್ಕೆ ಹನ್ನೆರಡು ಗುಂಡು, ಅದರಲ್ಲೊಂದು ಹಿಡಿಸುವಷ್ಟು ಅಗಲದ ನಳಿಗೆ.

ಅಮೆರಿಕದಂಥ ದೇಶಗಳಲ್ಲಿ ಹೊಡೆದು ಮುಗಿದ ಪಿಸ್ತೂಲಿನ ತೋಟೆಗೆ ಹೊಸ ಕೇಪು, ಮದ್ದು, ಗುಂಡು ತುಂಬಿ ಮತ್ತೆ ಬಳಸುವವರಿದ್ದಾರೆ. ಅವರಿಗೆ ಹಳೆಯ ಅಚ್ಚು ಈಗಲೂ ಬೇಕಾದ ವಸ್ತು. ನಮ್ಮಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಹಾಗಿರುವುದೇ ಒಳ್ಳೆಯದು. ಅಚ್ಚಿಗೆ ಬೇರೆ ಕೆಲಸ ಹುಡುಕಬೇಕು.

ನಮ್ಮ ಶ್ರೀರಂಗಪಟ್ಟಣ ದ್ವೀಪದ ಗಂಜಾಮಿನಲ್ಲಿ ಈ ಮಾತಿಗೆ ತೂಕ ಹೆಚ್ಚು. ಟಿಪ್ಪು ಕಟ್ಟಿಸಿದ ಪೇಟೆ ಇದು. ಶಿರಾದಿಂದ ಸಾವಿರಾರು ಸಂಸಾರಗಳನ್ನು ಎಬ್ಬಿಸಿ ತಂದು ಇಲ್ಲಿ ನೆಲೆಗೊಳಿಸಿದರು. ಪಕ್ಕದಲ್ಲೇ ಲಾಲ್‌ಬಾಗ್ ತೋಟ. 1792ರ ಫೆಬ್ರುವರಿಯಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ದ್ವೀಪಕ್ಕೆ ನುಗ್ಗಿದಾಗ ಆ ತೋಟದ ಸೈಪ್ರೆಸ್ ಮರಗಳನ್ನು ಕಡಿದು ಮುತ್ತಿಗೆಯ ಸಾಮಗ್ರಿ ಮಾಡಿಕೊಂಡಿತು, ಅಲ್ಲಿನ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ನೆರಳಿಗೆಂದು ನೆಟ್ಟದ್ದು ಯುದ್ಧಕ್ಕೆ ಹೋಯಿತು. ಯುದ್ಧಕ್ಕೆಂದು ಮಾಡಿದ್ದನ್ನು ಬದುಕಿಗೆ ತರುವ ಕೆಲಸ ಈ ಊರಿನಲ್ಲಿ ಆಗಬೇಕಾದದ್ದೇ.

ಕಾವೇರಿಯ ಸಂಗಮದ ಕಡೆ ನಡೆದರೆ ಮೊದಲು ಹೊಳೆಯುವ ಉಪಯೋಗ ಬೀಸುಬಲೆ. ಬಲೆಯ ಅಂಚು ಹರಡಿಕೊಂಡು ತಳಕ್ಕೆ ಇಳಿಯುವುದು ಅದಕ್ಕೆ ಕಟ್ಟಿದ ಸೀಸದ ಭಾರದಿಂದ. ಅಚ್ಚಿನಲ್ಲಿ ಸಣ್ಣ ಗುಂಡು ಎರೆದು, ನಡುವೆ ಸೀಳಿ, ಹುರಿಗೆ ಕಚ್ಚಿಸಿದರೆ ಮುಗಿಯಿತು. ಕೊಲ್ಲುವ ಗುಂಡು ಹೊಟ್ಟೆ ಹೊರೆಯುವ ಗುಂಡಾಯಿತು ಎಂದು ಸಂತೋಷಪಡಬಹುದಿತ್ತು.

ಆದರೆ ಸೀಸ ಎಲ್ಲಿದ್ದರೂ ಸೀಸವೇ. ಬಲೆ ಹರಿದರೆ ಅದು ಹೊಳೆಯ ತಳದಲ್ಲೇ ಉಳಿಯುತ್ತದೆ. ಕಾಳು ಅರೆಯಲೆಂದು ಕಲ್ಲಿನ ಹರಳು ನುಂಗುವ ನೀರುಹಕ್ಕಿಗಳು ಹರಳೆಂದುಕೊಂಡು ಸೀಸವನ್ನೂ ನುಂಗುತ್ತವೆ. ಬ್ರಿಟನ್ನಿನಲ್ಲಿ ಹಂಸಗಳು ಹೀಗೆ ಸಾಯುತ್ತಿದ್ದುದರಿಂದಲೇ 1987ರಲ್ಲಿ ಗಾಳದ ಸಣ್ಣ ಸೀಸದ ತೂಕಗಳನ್ನು ನಿಷೇಧಿಸಿದರು. 1940ರಿಂದ ಪಕ್ಷಿಧಾಮವಾಗಿರುವ ರಂಗನತಿಟ್ಟು ನಮಗೆ ಕೂಗಳತೆಯಲ್ಲಿದೆ; 2022ರಲ್ಲಿ ಅದು ರಾಮ್‌ಸಾರ್ ಪಟ್ಟಿಗೂ ಸೇರಿದೆ. ಆ ಹಕ್ಕಿಗಳು ಮೇಯುವ ಹೊಳೆಗೆ ಇನ್ನಷ್ಟು ಸೀಸ ಹಾಕುವ ಉಪಯೋಗವನ್ನು ಉಪಯೋಗವೆಂದು ಒಪ್ಪಲಾರೆ. ಸೀಸದ ಧೂಳು, ಹೊಗೆ ಎರೆಯುವವನಿಗೂ ಅವನ ಮನೆಯ ಮಕ್ಕಳಿಗೂ ವಿಷವೇ. ಸೀಸ ಕಂಡ ಅಚ್ಚಿನಲ್ಲಿ ತಿನ್ನುವ ಪದಾರ್ಥ ಎರೆಯುವ ಮಾತಂತೂ ಬೇಡವೇ ಬೇಡ.

ಕೆಲಸ ಬದಲಾದರೆ ಸಾಲದು, ಎರಕವೂ ಬದಲಾಗಬೇಕು. ನನಗೆ ಹಿಡಿಸಿದ್ದು ಜೇನುಮೇಣ. ಸುಮಾರು 62 ಡಿಗ್ರಿಗೇ ಅದು ಕರಗುತ್ತದೆ. ಬಲೆ ಹೆಣೆಯುವವರಿಗೂ ಚಪ್ಪಲಿ ಹೊಲಿಯುವವರಿಗೂ ದಾರ ತೀಡಲು ಮೇಣದ ಉಂಡೆ ಬೇಕೇ ಬೇಕು. ಮೇಣ ಹಿಡಿದ ದಾರ ನೀರಿಗೆ ಬೇಗ ಕೊಳೆಯುವುದಿಲ್ಲ, ಗಂಟು ಜಾರುವುದಿಲ್ಲ. ಚೆನ್ನಾಗಿ ಒರೆಸಿ ತೊಳೆದ ಅಚ್ಚಿಗೆ ಇದಕ್ಕಿಂತ ಒಳ್ಳೆಯ ದುಡಿಮೆ ನನಗೆ ಕಾಣದು. ಹಳೆಯ ಸಾಧನವೊಂದನ್ನು ಉಳಿಸಿಕೊಳ್ಳುವವರು ಅದರೊಳಕ್ಕೆ ಏನು ಸುರಿಯುತ್ತೇವೆ ಎಂಬುದಕ್ಕೂ ಹೊಣೆ ಹೊರಬೇಕು. ಆ ಹೊಣೆ ಹೊತ್ತವರ ಕೈಯಲ್ಲಿ ಮಾತ್ರ ಅಂಥ ಅಚ್ಚು ಇರಲಿ.