ಒಂದೇ ಕ್ಯಾಮೆರಾ, ಎರಡು ಕೆಲಸ

ಕೊಪ್ಪದಲ್ಲಿ ಮದುವೆ ಫೋಟೋ, ವಿಡಿಯೋ ಶುರು ಮಾಡ್ತೇನೆ ಅಂತ ಹೊರಟ ತಮ್ಮನ ಮಗ ಕೇಳಿದ: "ದೊಡ್ಡಪ್ಪ, 33 ಮೆಗಾಪಿಕ್ಸೆಲ್‌ದು ತಗೊಳ್ಳೋದಾ, 24ರದ್ದಾ?" ಕೈಯಲ್ಲಿರೋದು ಅಡಿಕೆ ಮಾರಿದ ದುಡ್ಡು. ಎರಡು ಕ್ಯಾಮೆರಾಕ್ಕೆ ಸಾಲದು.

4ಕೆ ವಿಡಿಯೋದ ಒಂದು ಫ್ರೇಮಿಗೆ ಬೇಕಾಗೋದು 3840×2160, ಅಂದ್ರೆ ಸುಮಾರು 83 ಲಕ್ಷ ಪಿಕ್ಸೆಲ್ ಅಷ್ಟೇ. ಪಿಕ್ಸೆಲ್ ಹೆಚ್ಚಿದ್ರೆ ಫೋಟೋವನ್ನು ಧಾರಾಳವಾಗಿ ಕತ್ತರಿಸಬಹುದು, ನಿಜ. ಆದರೆ ಸಾಮಾನ್ಯ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುತ್ತೆ. ಸಾಲು ಜಾಸ್ತಿಯಾದಷ್ಟೂ ಸಾಮಾನ್ಯವಾಗಿ ತಡ. ಶೃಂಗೇರಿಯ ವಿದ್ಯಾಶಂಕರ ದೇವಸ್ಥಾನದ ಹೊರಗೆ ನಿಂತು ಕ್ಯಾಮೆರಾ ಸರ್ರನೆ ತಿರುಗಿಸಿ ನೋಡಿ, ಕಲ್ಲಿನ ಗೋಡೆಯೇ ವಾಲಿದ ಹಾಗೆ ಕಾಣುತ್ತೆ. ವೇಗವಾಗಿ ಓದುವ ಸ್ಟ್ಯಾಕ್ಡ್ ಸೆನ್ಸರ್ ಇದೆ, ಬೆಲೆ ಮಾತ್ರ ನಮ್ಮದಲ್ಲ.

ಇನ್ನು ಗಾತ್ರ. 36×24 ಮಿಲಿಮೀಟರಿನ ಫುಲ್ ಫ್ರೇಮಿಗೆ ಎಪಿಎಸ್-ಸಿಯ ಎರಡು ಪಟ್ಟಿಗೂ ಹೆಚ್ಚು ವಿಸ್ತೀರ್ಣ. ನಮ್ಮ ಆಷಾಢದ ಮಧ್ಯಾಹ್ನವೇ ಮುಸ್ಸಂಜೆ ಇದ್ದ ಹಾಗೆ. ನರಸಿಂಹರಾಜಪುರದ ಭದ್ರಾ ಹಿನ್ನೀರಿನಲ್ಲಿ ಸಂಜೆ ಆರಕ್ಕೆ ಜೋಡಿ ನಿಲ್ಲಿಸಿದ್ರೆ ಆ ವಿಸ್ತೀರ್ಣವೇ ಕಾಪಾಡೋದು.

"24ರ ಫುಲ್ ಫ್ರೇಮ್ ತಗೋ ಮಾರಾಯ. ಉಳಿದ ದುಡ್ಡು ಲೆನ್ಸಿಗೆ ಹಾಕು" ಅಂದೆ. ಕಾರ್ಡ್ ಜಾಗ ಎರಡಿರೋದನ್ನೇ ನೋಡು ಅಂತಲೂ ಸೇರಿಸಿದೆ. ತಾಳಿ ಕಟ್ಟೋದು ಒಂದೇ ಸಲ ಅಲ್ವಾ.