ಮನೆ ಹಿಂದಿನ ಓಣಿ (ನಮ್ಮ ಏರಿಯಾ, ಭಾಗ 3)

ಮಲ್ಲೇಶ್ವರದಲ್ಲಿ ಎರಡು ಸಾಲು ಮನೆಗಳ ಬೆನ್ನಿಗೆ ಸಣ್ಣ ಓಣಿಗಳಿವೆ, ನೋಡಿದ್ದೀರಾ? ಕೆಲವು ಕಡೆ ಗೋಡೆಗೆ ಚಿತ್ರ ಬರೆದಿದ್ದಾರೆ, ನಾವು ರಾಜಾಜಿನಗರದವರು ಹೋಗಿ ರೀಲ್ಸ್ ಮಾಡ್ತೀವಿ. ಅದರ ಹೆಸರು ಕನ್ಸರ್ವೆನ್ಸಿ ಲೇನ್. ಚೆಂದಕ್ಕೆ ಅಂತ ಬಿಟ್ಟ ಜಾಗ ಅಲ್ಲ ಅದು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಅದಕ್ಕೂ ಕೆಲವು ವರ್ಷ ಮೊದಲೇ ಪ್ಲಾನ್ ಆಗಿದ್ದ ಮಲ್ಲೇಶ್ವರ, ಬಸವನಗುಡಿಗೆ ಜನ ಬರೋಕೆ ಶುರು ಮಾಡಿದ್ದು ಆಮೇಲೆ. ಅಗಲವಾದ ರಸ್ತೆ, ಮನೆ ಸುತ್ತ ಗಾಳಿ ಬೆಳಕು, ಹಿತ್ತಲಲ್ಲಿ ಕಕ್ಕಸು. ಅದನ್ನ ಬಳಿದು ಹೊತ್ತುಕೊಂಡು ಹೋಗೋರು ಮುಂದಿನ ರಸ್ತೇಲಿ ಕಾಣಿಸಬಾರದು. ಅದಕ್ಕೇ ಹಿಂದೆ ಈ ಓಣಿ. ಸೈಟುಗಳನ್ನೂ ಜಾತಿವಾರು ಬ್ಲಾಕ್ ಮಾಡಿ ಹಂಚಿದ್ರು.

‘ಎಲ್ಲಾ ಬ್ರಿಟಿಷರ ಕೆಲಸ’ ಅನ್ನೋ ಹಾಗಿಲ್ಲ. ದಂಡು ಅವರದು, ಪೇಟೆ ಕಡೆ ಆಡಳಿತ ಮೈಸೂರು ಸರ್ಕಾರದ್ದು. ದೂರದ ನೈರೋಬಿಗೆ 1902ರಲ್ಲಿ ಪ್ಲೇಗ್ ಬಂದಾಗ ಭಾರತೀಯರ ಬಜಾರನ್ನೇ ಸುಟ್ಟುಹಾಕಿದ್ರು. ಅಲ್ಲಿ ಮೈಬಣ್ಣ ನೋಡಿ ಊರು ಹಂಚಿದ್ರು. ನಮ್ಮಲ್ಲಿ ಹಂಚೋಕೆ ಹೊರಗಿನವರು ಬೇಕಾಗಿರಲಿಲ್ಲ.

ನಮ್ಮ ಅಜ್ಜಿ ಹುಟ್ಟಿ ಬೆಳೆದಿದ್ದು ಅಂಥದ್ದೇ ಒಂದು ಮನೇಲಿ. ‘ಬೆಳಗ್ಗೆ ಹಿತ್ತಲ ತಗಡು ಸದ್ದಾದ್ರೆ ಅವಳು ಬಂದ್ಲು ಅಂತ’ ಅಂದ್ರು. ಹೆಸರೇನಜ್ಜಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಯಾರೂ ಕೇಳಿರಲಿಲ್ಲ ಕಣೋ’ ಅಂದ್ರು. ಹಬ್ಬಕ್ಕೆ ಒಬ್ಬಟ್ಟು ಕೊಡ್ತಿದ್ರಂತೆ. ಕೈಗಲ್ಲ, ಹಿತ್ತಲ ಗೋಡೆ ಮೇಲಿಟ್ಟು.

1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ (ಹೌದು, ಬೂಸಾ ಚಳವಳಿಯ ಅದೇ ಬಸವಲಿಂಗಪ್ಪ) ಮಲ ಹೊರೋದನ್ನ ನಿಷೇಧಿಸಿದ್ರು. 1993ರಲ್ಲಿ ಕೇಂದ್ರದ ಕಾಯ್ದೆಯೂ ಬಂತು. ಆದ್ರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಆ ಕೆಲಸ ಮಾಡ್ತಿದ್ದ ಕುಟುಂಬಗಳವರು, ಇರೋ ಜಾಗದಿಂದ ಎಬ್ಬಿಸ್ತಾರೆ ಅಂತ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟನೆ ಮಾಡಬೇಕಾಯ್ತು. 2013ರಲ್ಲಿ ಇನ್ನೊಂದು ಕಾಯ್ದೆ. ಮ್ಯಾನ್‌ಹೋಲ್‌ಗೆ ಇಳಿದವರ ಸಾವಿನ ಸುದ್ದಿ ಅದಾದ ಮೇಲೂ ಓದಿದ್ದೀವಿ.

ಕಾಸ್ಟ್ ಅಕೌಂಟಿಂಗ್ ಕ್ಲಾಸಲ್ಲಿ ಕೂತಾಗ ಇದೇ ತಲೇಲಿ ಓಡ್ತಿತ್ತು. ಮಲ್ಲೇಶ್ವರದ ಸೈಟಿಗೆ ಅಷ್ಟು ರೇಟು ಬರೋಕೆ ಆ ಅಗಲ ರಸ್ತೆ, ಆ ಗಾಳಿ ಕಾರಣ ಅಂತೀವಲ್ಲ, ಹಿಂದಿನ ಓಣೀಲಿ ನಡೆದವರ ದುಡಿಮೆ ಯಾವ ಹೆಡ್‌ನಲ್ಲಿ ಬರುತ್ತೆ? ಈಗ ಆ ಓಣಿ ಬಗ್ಗೆ ಜಗಳ ಆದ್ರೆ ಪಾರ್ಕಿಂಗ್‌ಗೆ.

ನಿಮ್ಮ ಅಜ್ಜಿ ತಾತನ್ನೂ ಕೇಳಿ. ಅವರಿಗೆ ಏನು ನೆನಪಿದೆಯೋ ಕಾಮೆಂಟಲ್ಲಿ ಬರೀರಿ.

ಭಾಗ 4: ನಾವು ಫ್ಲಶ್ ಮಾಡಿದ್ದು ವೃಷಭಾವತಿ ಹಿಡಿದು ಕೆಂಗೇರಿ ದಾಟಿ ಬೈರಮಂಗಲ ಕೆರೆಗೆ.